ಮೂಗು ತೊಳೆದ ನೀರಿನಲ್ಲಿ ಐಜಿಎ: ಕೈಟೋಸಾನ್ ಜೊತೆ ನನ್ನ ಅನುಭವ

ಲಸಿಕೆಗೆ ಆಲಮ್ (ಅದರ ಪರಿಣಾಮ ಹೆಚ್ಚಿಸುವ ಅಲ್ಯೂಮಿನಿಯಂ ಲವಣ) ಬೆರೆಸಿ ಚುಚ್ಚಿದರೆ ರಕ್ತದಲ್ಲಿ ಐಜಿಜಿ ಎಂಬ ಪ್ರತಿಕಾಯ ಧಾರಾಳ, ಮೂಗಿನ ಒಳಪದರವನ್ನು ಕಾಯುವ ಐಜಿಎ ಪ್ರತಿಕಾಯ ಹೆಸರಿಗಷ್ಟೇ. ಧಾರವಾಡದ ನಮ್ಮ ಪುಟ್ಟ ಪ್ರಯೋಗಾಲಯದಲ್ಲಿ ಸೀಗಡಿ ಸಿಪ್ಪೆಯಿಂದ ಸಿಗುವ ಕೈಟೋಸಾನ್‌ನ ಕಣಗಳಿಂದ ಇಲಿಯ ಮೂಗಿನಲ್ಲಿ ಐಜಿಎ ಬರಿಸುತ್ತೇನೆ ಎಂದಾಗ, "ಸೀಗಡಿ ಸಿಪ್ಪೆಯಿಂದ ಲಸಿಕೆ ಮಾಡುತ್ತೀರೇನು?" ಎಂದು ಹಿರಿಯ ಸಹೋದ್ಯೋಗಿಗಳು ನಕ್ಕಿದ್ದರು. ಈಗ ಅವರ ವಿದ್ಯಾರ್ಥಿಗಳೇ ವಿಧಾನ ಕೇಳಿಕೊಂಡು ಬರುತ್ತಾರೆ.

ಐಜಿಎ ಬರಿಸಲು ಬ್ಯಾಕ್ಟೀರಿಯಾ ವಿಷಗಳನ್ನು ಬೆರೆಸುವುದೂ ಉಂಟು; ಅವುಗಳ ಸಹವಾಸ ಬೇಡವೆಂದು ಮೊದಲೇ ನಿರ್ಧರಿಸಿದ್ದೆ. 2000ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಇ. ಕೋಲಿ ವಿಷ ಬೆರೆಸಿದ ಫ್ಲೂ ಲಸಿಕೆಯನ್ನು ಮೂಗಿಗೆ ಹಾಕಿಸಿಕೊಂಡ ಕೆಲವರ ಮುಖ ಸೊಟ್ಟಗಾಗಿ, ಲಸಿಕೆಯನ್ನೇ ಹಿಂಪಡೆಯಬೇಕಾಯಿತು. ಇಲಿಯಲ್ಲಿ ಗೆದ್ದು ಮನುಷ್ಯನಲ್ಲಿ ಸೋಲುವ ದಾರಿ ನನಗೆ ಬೇಕಿರಲಿಲ್ಲ.

ಮೊದಲ ಕಣಗಳು ಒಡೆದ ಹಾಲಿನಂತೆ ಗಂಟುಕಟ್ಟಿದವು. ಪಿಎಚ್ 5ರ ಆಸುಪಾಸಿಗೆ ತಂದ ಮೇಲೆ ಗಾತ್ರ ಸುಮಾರು 250 ನ್ಯಾನೊಮೀಟರಿಗೆ ನಿಂತಿತು. ಕೈಟೋಸಾನನ್ನು ಕಣಗಳಾಗಿ ಹೆಣೆಯುವ ಫಾಸ್ಫೇಟ್ ಲವಣವಾದ ಟಿಪಿಪಿಯನ್ನು ಎಷ್ಟು, ಯಾವ ವೇಗದಲ್ಲಿ ಬಿಡಬೇಕೆಂಬುದನ್ನು ಪ್ರಬಂಧ ಅಚ್ಚಾಗುವವರೆಗೆ ಹೇಳಲಾರೆ.

ಆಮೇಲೆ ಆ ಕಣಗಳ ಜೊತೆ ಓವಾಲ್ಬುಮಿನ್ (ಪರೀಕ್ಷೆಗೆ ಬಳಸುವ ಮೊಟ್ಟೆ ಬಿಳಿಯ ಪ್ರೋಟೀನ್) ಸೇರಿಸಿ ಇಲಿಗಳ ಮೂಗಿಗೆ ಬಿಟ್ಟಾಗ ಐಜಿಎ ಭರ್ಜರಿಯಾಗಿ ಬಂತು. ಎಲ್ಲರೂ ಸಿಹಿ ಹಂಚಲು ಹೊರಟಾಗ ನನಗೆ ಮಾತ್ರ ಅನುಮಾನ. ಎಲ್‌ಎಎಲ್ ಪರೀಕ್ಷೆ ಮಾಡಿಸಿದರೆ ಅಗ್ಗದ ಓವಾಲ್ಬುಮಿನ್ ತುಂಬ ಬ್ಯಾಕ್ಟೀರಿಯಾದ ಹೊರಪೊರೆಯ ವಿಷವಾದ ಎಂಡೋಟಾಕ್ಸಿನ್! ಲಸಿಕೆಯ ಪರಿಣಾಮ ಹೆಚ್ಚಿಸುವ ಅಡ್ಜುವೆಂಟ್ ಕೆಲಸವನ್ನು ಅದೇ ಮಾಡುತ್ತಿತ್ತು. ಶುದ್ಧೀಕರಿಸಿದ ಓವಾಲ್ಬುಮಿನ್ ತರಿಸಲು ಮೂವತ್ತು ಸಾವಿರದಷ್ಟು ಹೋಯಿತು, ಐಜಿಎ ಅರ್ಧಕ್ಕಿಳಿಯಿತು. ಆ ವರ್ಷದ ಅನುದಾನವೂ ಅಲ್ಲಿಗೆ ಮುಗಿಯಿತು. ಪ್ರತಿಕಾಯ ಅಳೆಯುವ ಎಲೈಸಾ ಪ್ಲೇಟುಗಳನ್ನು ಕೈಯಿಂದಲೇ ದುಡ್ಡು ಹಾಕಿ ಕೊಂಡೆ.

ತಿರುವು ಸಿಕ್ಕಿದ್ದು ಹನಿಯ ಅಳತೆಯಲ್ಲಿ. ಅರಿವಳಿಕೆ ಕೊಟ್ಟ ಇಲಿಗೆ 20 ಮೈಕ್ರೋಲೀಟರ್ ಬಿಟ್ಟರೆ ಒಂದು ಪಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಎಚ್ಚರದ ಇಲಿಗೆ ಹೊಳ್ಳೆಗೆ ಐದರಂತೆ, ನಡುವೆ ಬಿಡುವು ಕೊಟ್ಟು ಬಿಟ್ಟೆ. ಎರಡು ವಾರಕ್ಕೊಮ್ಮೆ, ಒಟ್ಟು ಮೂರು ಬಾರಿ. ಬರಿಯ ಓವಾಲ್ಬುಮಿನ್ ಪಡೆದ ಗುಂಪಿಗಿಂತ ಐಜಿಎ ಹತ್ತಿರಹತ್ತಿರ ಎಂಟು ಪಟ್ಟು ಬಂತು.

ನಡುವೆ ಶೇಂಗಾ ಎಣ್ಣೆಯ ಹುಚ್ಚೂ ಹಿಡಿದಿತ್ತು. 1960ರ ದಶಕದಲ್ಲಿ ಶೇಂಗಾ ಎಣ್ಣೆಯ 'ಅಡ್ಜುವೆಂಟ್ 65' ಅನ್ನು ಮನುಷ್ಯರಿಗೇ ಚುಚ್ಚಿ ಪರೀಕ್ಷಿಸಿದ್ದರಲ್ಲ, ಮೂಗಿಗೇಕಾಗಬಾರದು ಎಂದು ಗದಗದ ಗಾಣದೆಣ್ಣೆ ತರಿಸಿ, ಸೋಸಿ, ಎಮಲ್ಷನ್ ಮಾಡಿದೆ. ಇಲಿಗಳು ಸೀನಿದವು, ಮೂಗು ಉಜ್ಜಿಕೊಂಡವು, ಐಜಿಎ ಬರಲಿಲ್ಲ. ಮಿಕ್ಕ ಎಣ್ಣೆ ಮನೆಯ ಒಗ್ಗರಣೆಗೆ ಸೇರಿತು.

ಇಲಿಯ ಮೂಗಿನ ಲಿಂಫಾಯಿಡ್ (ರೋಗನಿರೋಧಕ) ಅಂಗಾಂಶವೇ ಬೇರೆ, ನಮ್ಮ ಟಾನ್ಸಿಲ್‌ಗಳೇ ಬೇರೆ. ಹಾಗಾಗಿ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಟಾನ್ಸಿಲ್ ಕೊಡಲು ಹುಬ್ಬಳ್ಳಿಯ ಇಎನ್‌ಟಿ ವೈದ್ಯರೊಬ್ಬರನ್ನು ಒಪ್ಪಿಸಿದ್ದೇನೆ. ನೈತಿಕ ಸಮಿತಿಯ ಅನುಮತಿ, ಜೀವಕೋಶ ಬೆಳೆಸುವ ಮಾಧ್ಯಮಕ್ಕೆ ದುಡ್ಡು, ಎರಡೂ ಬರಬೇಕಿದೆ.