ಆಫೀಸಿನಲ್ಲಿ ಊಟಕ್ಕೆ ಎಲ್ಲರ ಜೊತೆ ಹೋಗಬೇಕಾ? ಹೋಗುವುದಾದರೆ ಹೇಗೆ?

ಹೊಸದಾಗಿ ಕೆಲಸಕ್ಕೆ ಸೇರಿದವರು ನನ್ನ ಹತ್ತಿರ ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆ ಇದೆ. "ಟೀಮಿನವರೆಲ್ಲ ಒಟ್ಟಿಗೆ ಊಟಕ್ಕೆ ಹೋಗುತ್ತಾರೆ, ನಾನೂ ಹೋಗಲೇಬೇಕಾ?" ಕೇಳುವಾಗ ಅವರಿಗೆ ಸ್ವಲ್ಪ ಮುಜುಗರ. ಇಷ್ಟು ಚಿಕ್ಕ ವಿಷಯ ಕೇಳ್ತಿದ್ದೀನಲ್ಲ ಅಂತ. ಆದರೆ ಇದು ಚಿಕ್ಕ ವಿಷಯ ಅಲ್ಲ. ದಿನಕ್ಕೆ 45 ನಿಮಿಷ, ವಾರಕ್ಕೆ 5 ದಿನ, ವರ್ಷಕ್ಕೆ 48 ವಾರ ಅಂತ ಲೆಕ್ಕ ಹಾಕಿದರೆ 180 ಗಂಟೆ ಆಗುತ್ತದೆ. ಅಷ್ಟು ಹೊತ್ತು ಯಾರ ಜೊತೆ ಕೂರುತ್ತೀರಿ, ಹೇಗೆ ಕಳೆಯುತ್ತೀರಿ ಅನ್ನುವುದು ನಿಮ್ಮ ಕೆಲಸಕ್ಕೂ ತಟ್ಟುತ್ತದೆ, ಮನಸ್ಸಿಗೂ ತಟ್ಟುತ್ತದೆ.

ನನ್ನ ಉತ್ತರ ಇಷ್ಟೇ. ಹೋಗಿ, ಆದರೆ ದಿನಾ ಬೇಡ. ಯಾವತ್ತು ಹೋಗಬೇಕು, ಯಾವತ್ತು ಬೇಡ ಅನ್ನುವುದನ್ನು ನೀವೇ ತೀರ್ಮಾನ ಮಾಡಿ. ಈ ಎರಡನೇ ಮಾತೇ ಮುಖ್ಯ, ಯಾಕೆ ಅಂತ ಮುಂದೆ ಹೇಳುತ್ತೇನೆ.

ನನ್ನ ಮೊದಲ ಕೆಲಸದಲ್ಲಿ ಸುಮಾರು ಎಂಟು ತಿಂಗಳು ನಾನು ಡೆಸ್ಕಿನಲ್ಲೇ ಊಟ ಮಾಡಿದೆ. ಒಂದು ಕೈ ಕೀಬೋರ್ಡ್ ಮೇಲೆ, ಹದಿನೈದು ನಿಮಿಷದಲ್ಲಿ ಮುಗಿಯಿತು. ಅದು ಶ್ರದ್ಧೆ ಅಂತ ನಂಬಿದ್ದೆ. ಮೊದಲ ಎರಡು ವಾರ ಎಲ್ಲರೂ ಕರೆದರು, ಆಮೇಲೆ ಕರೆಯುವುದನ್ನು ಬಿಟ್ಟರು. ಯಾರೂ ಕೆಟ್ಟವರಲ್ಲ, ನಾನೇ ಬರಲ್ಲ ಬರಲ್ಲ ಅಂದರೆ ಎಷ್ಟು ದಿನ ಅಂತ ಕರೆಯುತ್ತಾರೆ? ಒಂದು ಸಲ ಪಕ್ಕದ ವಿಭಾಗದವರಿಗೆ ಮೇಲ್ ಕಳಿಸಿ ಉತ್ತರಕ್ಕಾಗಿ ಮೂರು ದಿನ ಕಾದೆ. ಅದೇ ಉತ್ತರ ನನ್ನ ಪಕ್ಕದ ಸೀಟಿನವರಿಗೆ ಊಟದ ಮೇಜಿನಲ್ಲಿ ಎರಡು ನಿಮಿಷದಲ್ಲಿ ಸಿಕ್ಕಿತ್ತು. ಇದಾದರೂ ಹೋಗಲಿ. ನಾನು ಹಗಲೂ ರಾತ್ರಿ ಮಾಡುತ್ತಿದ್ದ ಪ್ರಾಜೆಕ್ಟ್ ನಿಲ್ಲಿಸುತ್ತಾರೆ ಅನ್ನುವ ಸುದ್ದಿ ಆ ಮೇಜಿನವರಿಗೆಲ್ಲ ಒಂದು ತಿಂಗಳ ಮೊದಲೇ ಗೊತ್ತಿತ್ತು, ನನಗೆ ಮಾತ್ರ ಮೀಟಿಂಗ್‌ನಲ್ಲಿ ಗೊತ್ತಾಯಿತು. ಅವತ್ತಿನ ಬೇಜಾರು ನನಗೆ ಈಗಲೂ ನೆನಪಿದೆ.

ಆಫೀಸಿನ ಎಷ್ಟೋ ವಿಷಯ ಮೇಲ್‌ನಲ್ಲಿ ಬರುವುದೇ ಇಲ್ಲ. ಯಾರು ಯಾವ ಕೆಲಸದಲ್ಲಿ ಗಟ್ಟಿ, ಯಾವ ವಿಭಾಗದಲ್ಲಿ ಜನ ಬೇಕಾಗಿದ್ದಾರೆ, ರಜೆ ಅರ್ಜಿ ನಿಜವಾಗಿ ಯಾರ ಹತ್ತಿರ ಸಿಕ್ಕಿಹಾಕಿಕೊಂಡಿದೆ, ಇಂಥದ್ದೆಲ್ಲ ಬಾಯಿಂದ ಬಾಯಿಗೆ ಹೋಗುವುದು. ಹೀಗೆ ಸಿಗುವ ಸುದ್ದಿ ಆಪ್ತ ಗೆಳೆಯರಿಂದಲೇ ಬರಬೇಕು ಅಂತಲೂ ಇಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಹೆಸರಾಂತ ಲೇಖನ ಇದರ ಬಗ್ಗೆಯೇ ಇದೆ. ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವರು ಮಾತಾಡಿಸಿದರು. ಕೆಲಸದ ಸುದ್ದಿ ಕೊಟ್ಟವರನ್ನು ಆಗಾಗ ಭೇಟಿಯಾಗುತ್ತಿದ್ದವರು ನೂರಕ್ಕೆ 17ರಷ್ಟು ಮಾತ್ರ. ಉಳಿದವರಿಗೆಲ್ಲ ಸುದ್ದಿ ಸಿಕ್ಕಿದ್ದು ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ಸಿಗುವ ಜನರಿಂದ. ಕಾರಣ ತುಂಬಾ ಸರಳ. ನಿಮ್ಮ ಆಪ್ತರಿಗೆ ಗೊತ್ತಿರುವುದು ಬಹುಮಟ್ಟಿಗೆ ನಿಮಗೂ ಗೊತ್ತಿರುತ್ತದೆ. ಬೇರೆ ವಿಭಾಗದವರ ಜೊತೆ ತಿಂಗಳಿಗೊಮ್ಮೆ ಊಟಕ್ಕೆ ಕೂತರೆ ನಿಮ್ಮ ಕಿವಿಗೆ ಬೇರೆ ಕಡೆಯ ಮಾತು ಬೀಳುತ್ತದೆ.

ಹಾಗಾದರೆ ದಿನಾ ಹೋದರೆ ಇನ್ನೂ ಒಳ್ಳೆಯದಲ್ವಾ? ಅಲ್ಲ. ಜಾನ್ ಟ್ರೌಗಾಕೋಸ್ ಮತ್ತು ಜೊತೆಯವರು 2014ರಲ್ಲಿ ಊಟದ ವಿರಾಮದ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ವಿಶ್ವವಿದ್ಯಾಲಯದ ಕಚೇರಿ ಸಿಬ್ಬಂದಿ ಊಟದ ಹೊತ್ತಿನಲ್ಲಿ ಏನು ಮಾಡಿದರು, ಅದು ಅವರ ಸ್ವಂತ ಇಷ್ಟವೋ ಅಲ್ಲವೋ ಅಂತ ಕೇಳಿದರು. ಸಂಜೆಗೆ ಎಷ್ಟು ದಣಿದಿದ್ದರು ಅನ್ನುವುದನ್ನು ಸಹೋದ್ಯೋಗಿಗಳಿಂದ ತಿಳಿದುಕೊಂಡರು. ತನಗೆ ಬೇಕು ಅಂತ ಜನರ ಜೊತೆ ಕೂತವರ ಕಥೆ ಬೇರೆ. ಬೇರೆ ದಾರಿ ಇಲ್ಲದೆ ಜನರ ಜೊತೆ ಕೂತಾಗ ಸಂಜೆಯ ದಣಿವು ಹೆಚ್ಚಾಗಿತ್ತು. ಇದು ನನಗೆ ಬಹಳ ಸಹಜ ಅನ್ನಿಸುತ್ತದೆ. ಬಾಸ್ ಎದುರಿಗೆ ಕೂತಾಗ, ಅಷ್ಟು ಪರಿಚಯ ಇಲ್ಲದವರ ಜೊತೆ ನಗಬೇಕಾದಾಗ, ಮಾತು ಅಳೆದು ಅಳೆದು ಆಡುತ್ತೀರಿ. ಅದೂ ಕೆಲಸವೇ. ಹೊಟ್ಟೆ ತುಂಬಿರುತ್ತದೆ, ವಿರಾಮ ಸಿಕ್ಕಿರುವುದಿಲ್ಲ.

ಎಷ್ಟು ದಿನ?

ನಾನು ಹೇಳುವುದು ವಾರಕ್ಕೆ ಎರಡು ದಿನ. ಇದು ನನ್ನ ಅನುಭವದ ಲೆಕ್ಕ. ಒಂದು ದಿನ ನಿಮ್ಮ ಟೀಮಿನವರ ಜೊತೆ, ಇನ್ನೊಂದು ದಿನ ಟೀಮಿನ ಹೊರಗಿನ ಯಾರಾದರೂ ಒಬ್ಬರ ಜೊತೆ. ಉಳಿದ ದಿನ ನಿಮ್ಮಿಷ್ಟ. ನಡೆಯಿರಿ, ಓದಿ, ಮನೆಗೆ ಫೋನ್ ಮಾಡಿ, ಸುಮ್ನೆ ಕಿಟಕಿಯಾಚೆ ನೋಡುತ್ತಾ ಕೂರಿ. ಡೆಸ್ಕಿನಲ್ಲಿ ಮಾತ್ರ ಊಟ ಮಾಡಬೇಡಿ. ಡೆಸ್ಕಿನಲ್ಲಿ ಕಂಡರೆ "ಒಂದು ನಿಮಿಷ" ಅಂತ ಯಾರಾದರೂ ಬಂದೇ ಬರುತ್ತಾರೆ.

ದಿನ ಗೊತ್ತು ಮಾಡಿಕೊಳ್ಳಿ. ಉದಾಹರಣೆಗೆ ಮಂಗಳವಾರ ಮತ್ತು ಗುರುವಾರ. ಹೀಗೆ ಮಾಡಿದರೆ ದಿನಾ ಮಧ್ಯಾಹ್ನ "ಇವತ್ತು ಹೋಗಲಾ ಬೇಡವಾ" ಅನ್ನುವ ತಾಕಲಾಟ ಇರುವುದಿಲ್ಲ. ನೀವು ಮಂಗಳವಾರ ಬರುತ್ತೀರಿ ಅಂತ ಬೇರೆಯವರಿಗೂ ರೂಢಿಯಾಗುತ್ತದೆ, ಬುಧವಾರ ಬರದಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನೊಂದು ವಿಷಯ. ಗೆಳೆಯರ ಜೊತೆ ನಿಧಾನವಾಗಿ ಊಟ ಮಾಡಿದ ಮೇಲೆ ಮನಸ್ಸು ಹಗುರಾಗುತ್ತದೆ, ತಪ್ಪು ಹಿಡಿಯುವ ಚುರುಕು ಸ್ವಲ್ಪ ಸಡಿಲವಾಗುತ್ತದೆ. ಬರ್ಲಿನ್‌ನ ಸಂಶೋಧಕರು 2013ರಲ್ಲಿ ಇಂಥ ಊಟವನ್ನೂ ಒಬ್ಬರೇ ಆಫೀಸಿನಲ್ಲಿ ಮಾಡುವ ಊಟವನ್ನೂ ಹೋಲಿಸಿ ನೋಡಿದಾಗ ಕಂಡದ್ದು ಇದೇ. ಹಾಗಾಗಿ ಲೆಕ್ಕಪತ್ರ ತಾಳೆ ನೋಡುವುದು, ಕರಾರು ಓದುವುದು, ಇಂಥ ಸೂಕ್ಷ್ಮ ಕೆಲಸ ಇದ್ದ ದಿನ ಗುಂಪಿನ ಊಟ ಇಟ್ಟುಕೊಳ್ಳಬೇಡಿ.

ಮೊದಲ ಸಲ ಸೇರಿಕೊಳ್ಳುವುದು

ಕಷ್ಟ ಇರುವುದು ಇಲ್ಲಿ. ಆಗಲೇ ಆರು ಜನ ನಗುತ್ತಾ ಕೂತಿರುವ ಮೇಜಿನ ಹತ್ತಿರ ಡಬ್ಬಿ ಹಿಡಿದುಕೊಂಡು ಹೋಗಿ ನಿಲ್ಲುವುದು ಎಂಥವರಿಗೂ ಕಷ್ಟ. ಹಾಗೆ ಮಾಡಬೇಡಿ. ಗುಂಪಿಗೆ ಸೇರುವ ಸುಲಭ ದಾರಿ ಅಂದರೆ ಗುಂಪಿನ ಒಬ್ಬರನ್ನು ಹಿಡಿಯುವುದು. ಬೆಳಿಗ್ಗೆಯೇ, ಕೆಲಸದ ಮಾತಿನ ನಡುವೆ, ನಿಮ್ಮ ಜೊತೆ ಸ್ವಲ್ಪ ಸಲಿಗೆ ಇರುವ ಒಬ್ಬರಿಗೆ "ಇವತ್ತು ಊಟಕ್ಕೆ ಎಷ್ಟು ಹೊತ್ತಿಗೆ ಹೋಗ್ತೀರಿ? ನಾನೂ ಬರ್ತೀನಿ" ಅನ್ನಿ. ಅಷ್ಟು ಸಾಕು. "ನಾನು ಬರಬಹುದಾ?" ಅಂತ ಕೇಳಿದರೆ ಅವರು ಏನೋ ಅನುಮತಿ ಕೊಡಬೇಕಾದ ಹಾಗೆ ಆಗುತ್ತದೆ, ಇಬ್ಬರಿಗೂ ಮುಜುಗರ. ಆಮೇಲೆ ಅವರ ಜೊತೆಯೇ ಎದ್ದು, ಜೊತೆಯೇ ನಡೆದು, ಪಕ್ಕದಲ್ಲೇ ಕೂರಿ. ಮೇಜಿಗೆ ಒಬ್ಬರೇ ಹೋಗುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅಂತ ಮಾಡಿ ನೋಡಿದರೆ ಗೊತ್ತಾಗುತ್ತದೆ.

ಮೊದಲ ದಿನ ಜಾಸ್ತಿ ಮಾತಾಡಬೇಕು ಅಂತೇನೂ ಇಲ್ಲ. ಅವರಲ್ಲೇ ಹಳೆಯ ಮಾತು, ಹಳೆಯ ನಗು ಇರುತ್ತದೆ, ನಿಮಗೆ ಅರ್ಥ ಆಗುವುದಿಲ್ಲ. ಆಗದೇ ಇರಲಿ. ಎರಡು ಪ್ರಶ್ನೆ ಕೇಳಿ, ಉತ್ತರ ಗಮನವಿಟ್ಟು ಕೇಳಿಸಿಕೊಳ್ಳಿ. ಮುಂದಿನ ವಾರ ಅದನ್ನು ನೆನಪಿಟ್ಟು ವಿಚಾರಿಸಿ. "ಮಗಳ ಪರೀಕ್ಷೆ ಮುಗೀತಾ?" ಅನ್ನುವ ಒಂದು ಮಾತು ಹತ್ತು ಜೋಕುಗಳಿಗಿಂತ ಹತ್ತಿರ ತರುತ್ತದೆ.

ವಾಪಸ್ ಡೆಸ್ಕಿಗೆ ಬಂದಾಗ "ಛೇ, ಏನೇನೋ ಮಾತಾಡಿಬಿಟ್ಟೆ, ಅವರಿಗೆ ನಾನು ಇಷ್ಟವಾಗಲಿಲ್ಲ" ಅಂತ ಅನ್ನಿಸಿಯೇ ಅನ್ನಿಸುತ್ತದೆ. ಆ ಅನಿಸಿಕೆಯನ್ನು ನಂಬಬೇಡಿ. ಮನಶ್ಶಾಸ್ತ್ರಜ್ಞೆ ಎರಿಕಾ ಬೂತ್‌ಬಿ ಮತ್ತು ಸಂಗಡಿಗರು 2018ರಲ್ಲಿ ಇದನ್ನೇ ತೋರಿಸಿದರು. ಹೊಸಬರ ಜೊತೆ ಮಾತಾಡಿ ಎದ್ದವರು, ತಾವು ಎದುರಿನವರಿಗೆ ಎಷ್ಟು ಹಿಡಿಸಿದ್ದೇವೆ ಅನ್ನುವುದನ್ನು ನಿಜಕ್ಕಿಂತ ಕಡಿಮೆ ಅಂದಾಜು ಮಾಡುತ್ತಾರೆ. ಒಂದೇ ಕಡೆ ವಾಸ ಇರುವ ವಿದ್ಯಾರ್ಥಿಗಳಲ್ಲಿ ಈ ತಪ್ಪು ಅಂದಾಜು ತಿಂಗಳುಗಟ್ಟಲೆ ಉಳಿದಿತ್ತು. ಅಂದರೆ ನೀವು ಇತ್ತ ಕೊರಗುತ್ತಿರುವಾಗ ಅತ್ತ ಕಡೆಯವರೂ ಬಹುಶಃ ಅದನ್ನೇ ಯೋಚಿಸುತ್ತಾ ಕೂತಿರುತ್ತಾರೆ. ಹಾಗಾಗಿ ಒಂದು ಸಲ ಹೋಗಿ ಬಿಡಬೇಡಿ. ನಾಲ್ಕು ಸಲ ಹೋಗಿ ನೋಡಿ, ಆಮೇಲೆ ಬೇಕೋ ಬೇಡವೋ ಹೇಳಿ.

ಗುಂಪು ಆಗಿಬರುವುದೇ ಇಲ್ಲ ಅನ್ನುವವರು ಇಬ್ಬರ ಊಟದಿಂದ ಶುರು ಮಾಡಿ. ಒಬ್ಬರನ್ನು ಕರೆಯಿರಿ. ನಿಧಾನಕ್ಕೆ ಮಾತಾಡುವ ಸ್ವಭಾವ ಇದ್ದವರಿಗೆ, ಕಿವಿ ಸರಿಯಾಗಿ ಕೇಳಿಸದವರಿಗೆ, ಭಾಷೆ ಹೊಸದಾದವರಿಗೆ ಇದೇ ವಾಸಿ.

ಯಾವ ಮಾತು ಬೇಕು, ಯಾವುದು ಬೇಡ

ಕೆಲಸದ ಮಾತು ಪೂರ್ತಿ ಬೇಡ ಅನ್ನುವ ನಿಯಮ ನನಗೆ ಒಪ್ಪಿಗೆ ಇಲ್ಲ. ದಿನವಿಡೀ ಅದನ್ನೇ ಮಾಡುತ್ತೇವೆ, ಅದು ಬಾಯಿಗೆ ಬಂದೇ ಬರುತ್ತದೆ. ಆದರೆ ಊಟ ಮಾಡುತ್ತಿರುವವರಿಗೆ ಕೆಲಸ ಹಚ್ಚಬೇಡಿ. "ಆ ಫೈಲ್ ಯಾವಾಗ ಕೊಡ್ತೀರಿ?" ಅಂತ ತುತ್ತು ಬಾಯಲ್ಲಿರುವಾಗ ಕೇಳಿದರೆ ಅವರು ಮುಂದಿನ ವಾರ ಬೇರೆ ಮೇಜು ಹುಡುಕುತ್ತಾರೆ.

ಸಂಬಳ, ಮದುವೆ, ಮಕ್ಕಳು ಯಾವಾಗ, ತೂಕ, ಆರೋಗ್ಯ, ಇದನ್ನೆಲ್ಲ ಅವರಾಗಿ ಹೇಳಿದರೆ ಕೇಳಿ. ನೀವಾಗಿ ಕೆದಕಬೇಡಿ. ಎದುರಿನವರ ತಟ್ಟೆಯ ಬಗ್ಗೆಯೂ ಮಾತು ಬೇಡ. ಅವರು ಏನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ, ಯಾಕೆ ತಿನ್ನುವುದಿಲ್ಲ ಅನ್ನುವುದಕ್ಕೆ ಕಾಯಿಲೆ, ನಂಬಿಕೆ, ಹಣ ಹೀಗೆ ನೂರು ಕಾರಣ ಇರುತ್ತವೆ. ಹೊರಗೆ ಹೋಗಿ ತಿಂದರೆ ಬಿಲ್ಲಿನ ಮಾತನ್ನು ಮೊದಲೇ ಆಡಿಬಿಡಿ. ಅವರವರದು ಅವರವರು ಕೊಡುವುದೇ ಒಳ್ಳೆಯದು. ಸಮ ಪಾಲು ಅಂದಾಗ ಕಡಿಮೆ ತಿಂದವರು ಬಾಯಿ ಬಿಟ್ಟು ಹೇಳುವುದಿಲ್ಲ, ಇನ್ನೊಂದು ಸಲ ಬರುವುದೂ ಇಲ್ಲ.

ಚಾಡಿ ಮಾತಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಪ್ರತಿ ಆಫೀಸಿನಲ್ಲೂ ದಿನಾ ಯಾರನ್ನಾದರೂ ಆಡಿಕೊಳ್ಳುವ ಒಂದು ಮೇಜು ಇರುತ್ತದೆ. ಮೊದಮೊದಲು ಅಲ್ಲಿ ತುಂಬಾ ಹಿತವಾಗಿರುತ್ತದೆ, ನಮ್ಮ ಮನಸ್ಸಿನ ಸಿಟ್ಟನ್ನೇ ಬೇರೆಯವರು ಹೇಳುತ್ತಿದ್ದಾರೆ ಅನ್ನಿಸುತ್ತದೆ. ಆದರೆ ಗಮನಿಸಿ, ಅಲ್ಲಿಂದ ಎದ್ದಾಗ ಸಿಟ್ಟು ಇಳಿದಿರುತ್ತದಾ, ಏರಿರುತ್ತದಾ? ಏರಿದ್ದರೆ ಆ ಮೇಜು ಬಿಡಿ. ದಿಢೀರ್ ಅಂತ ಬಿಡುವುದು ಬೇಡ, ವಾರಕ್ಕೆ ಒಂದು ದಿನ ಕಡಿಮೆ ಮಾಡುತ್ತಾ ಬನ್ನಿ. ಅಲ್ಲೇ ಕೂರಬೇಕಾಗಿ ಬಂದರೆ, ಅಲ್ಲಿಲ್ಲದವರ ವಿಷಯ ಎದ್ದಾಗ "ಅದು ನನಗೆ ಗೊತ್ತಿಲ್ಲ" ಅಂತ ಹೇಳಿ ಬೇರೆ ಮಾತು ಎತ್ತಿ. ನಿಜವಾದ ದೂರು ಇದ್ದರೆ, ಅಂದರೆ ಕಿರುಕುಳ, ಅನ್ಯಾಯ, ಸುಳ್ಳು ಲೆಕ್ಕ ಇಂಥದ್ದು, ಅದನ್ನು ಊಟದ ಮೇಜಿನಲ್ಲಿ ಹೇಳಿ ಹಗುರ ಮಾಡಿಕೊಳ್ಳಬೇಡಿ. ಬರೆದು, ಕೊಡಬೇಕಾದವರಿಗೆ ಕೊಡಿ.

ಬರಲ್ಲ ಅಂತ ಹೇಳುವುದು

ಸುಳ್ಳು ಕಾರಣ ಬೇಡ. "ಮೀಟಿಂಗ್ ಇದೆ" ಅಂತ ಹೇಳಿ ಐದು ನಿಮಿಷದಲ್ಲಿ ಅವರ ಕಣ್ಣಿಗೇ ಬಿದ್ದರೆ ನೋವಾಗುತ್ತದೆ. "ಇವತ್ತು ಸ್ವಲ್ಪ ಒಬ್ಬನೇ ಇರಬೇಕು ಅನ್ನಿಸ್ತಿದೆ, ಗುರುವಾರ ಬರ್ತೀನಿ" ಅಂತ ನೇರವಾಗಿ ಹೇಳಿ. ಹೇಳಿದ ಮೇಲೆ ಗುರುವಾರ ತಪ್ಪದೆ ಹೋಗಿ. ನನ್ನ ಎಂಟು ತಿಂಗಳಲ್ಲಿ ನಾನು ಮಾಡಿದ ತಪ್ಪು ಇದೇ, ಬರಲ್ಲ ಅಂದೆ, ಯಾವತ್ತು ಬರುತ್ತೇನೆ ಅನ್ನಲಿಲ್ಲ. ಸತತ ಮೂರು ಸಲ ಬೇಡ ಅಂದಿದ್ದರೆ ನಾಲ್ಕನೇ ಸಲ ಅವರು ಕರೆಯಲಿ ಅಂತ ಕಾಯಬೇಡಿ, ನೀವೇ ಕರೆಯಿರಿ.

ನೀವು ಮ್ಯಾನೇಜರ್ ಆಗಿದ್ದರೆ

ಒಂದು ಮಾತು ನೆನಪಿರಲಿ. ನೀವು "ಬನ್ನಿ, ಊಟಕ್ಕೆ ಹೋಗೋಣ" ಅಂದರೆ ಅದು ಕರೆ ಅಲ್ಲ, ಆಜ್ಞೆ. ನಿಮಗೆ ಹಾಗೆ ಅನ್ನಿಸದಿರಬಹುದು, ಕೇಳುವವರಿಗೆ ಹಾಗೇ ಕೇಳಿಸುತ್ತದೆ. ತಿಂಗಳಿಗೆ ಒಂದೆರಡು ಸಲ ಟೀಮಿನ ಜೊತೆ ಕೂರಿ, ಸ್ವಲ್ಪ ಬೇಗ ಎದ್ದು ಹೋಗಿ, ಆಮೇಲೆ ಅವರು ಬಿಡಿಸಿ ಮಾತಾಡಲಿ. ಯಾರು ಬಂದರು, ಯಾರು ಬರಲಿಲ್ಲ ಅಂತ ಲೆಕ್ಕ ಇಡಬೇಡಿ. ಅದಕ್ಕಿಂತ ಮುಖ್ಯ, ಊಟದಲ್ಲಿ ತೀರ್ಮಾನ ಮಾಡಬೇಡಿ. ಮಾಡಿದರೆ ಅವತ್ತೇ ಬರೆದು ಎಲ್ಲರಿಗೂ ಕಳಿಸಿ, ಮನೆಯಿಂದ ಕೆಲಸ ಮಾಡುವವರಿಗೂ. ಮಗುವಿಗೆ ಹಾಲು ಕೊಡಲು ಹೋದವರು, ಪ್ರಾರ್ಥನೆಗೆ ಹೋದವರು, ಔಷಧಿ ತಗೊಂಡು ಹತ್ತು ನಿಮಿಷ ಮಲಗಿದವರು ಅದರಿಂದ ಹಿಂದೆ ಬೀಳಬಾರದು. ಒಟ್ಟಿಗೆ ಊಟ ಮಾಡುವ ಅಗ್ನಿಶಾಮಕ ತಂಡಗಳು ಚೆನ್ನಾಗಿ ಕೆಲಸ ಮಾಡುತ್ತವೆ ಅಂತ ತೋರಿಸಿದ 2015ರ ಅಧ್ಯಯನವನ್ನು ಮುಂದಿಟ್ಟು ಎಲ್ಲರನ್ನೂ ಒಂದೇ ಮೇಜಿಗೆ ಎಳೆಯಲು ಹೊರಡಬೇಡಿ. ಒಟ್ಟಿಗೆ ಉಂಡದ್ದರಿಂದ ಆ ತಂಡ ಗಟ್ಟಿಯಾಯಿತೋ, ಗಟ್ಟಿಯಾಗಿದ್ದದ್ದರಿಂದ ಒಟ್ಟಿಗೆ ಉಂಡರೋ, ಅಂಥ ಅಧ್ಯಯನದಿಂದ ತೀರ್ಮಾನ ಆಗುವುದಿಲ್ಲ.

ಒಬ್ಬರೇ ಕೂತು ಊಟ ಮಾಡುವವರನ್ನು ಕಂಡರೆ

ಒಂದು ಸಲ ಕರೆಯಿರಿ, ಬೇಡ ಅನ್ನಲು ಸುಲಭವಾಗುವ ಹಾಗೆ ಕರೆಯಿರಿ. "ನಾವು ಒಂದು ಗಂಟೆಗೆ ಹೋಗ್ತೀವಿ, ಯಾವತ್ತು ಬೇಕಾದರೂ ಬನ್ನಿ" ಅಂದರೆ ಆಯಿತು. "ಯಾಕೆ ಒಬ್ಬರೇ ಕೂತಿದ್ದೀರಿ?" ಅಂತ ಮಾತ್ರ ಕೇಳಬೇಡಿ. ನನ್ನ ಹಿಂದಿನ ಆಫೀಸಿನಲ್ಲಿ ಒಬ್ಬರು ದಿನಾ ಮೂಲೆಯಲ್ಲಿ ಒಬ್ಬರೇ ಕೂರುತ್ತಿದ್ದರು. ಪಾಪ, ಯಾರೂ ಜೊತೆಗಿಲ್ಲ ಅಂದುಕೊಂಡಿದ್ದೆ. ಕರೆದಾಗ ನಕ್ಕು ಹೇಳಿದರು, ಆ ಅರ್ಧ ಗಂಟೆ ಹಾಸಿಗೆ ಹಿಡಿದಿರುವ ತಂದೆಯ ಜೊತೆ ಫೋನಿನಲ್ಲಿ ಮಾತಾಡುವುದಕ್ಕೆ ಅಂತ. ಆಮೇಲೆ ನಾವು ಊಟಕ್ಕೆ ಕರೆಯಲಿಲ್ಲ. ನಾಲ್ಕು ಗಂಟೆಯ ಬಿಡುವಿನಲ್ಲಿ ಕರೆದೆವು, ಬಂದರು.