ಮೊದಲು ವರಸೆ, ಆಮೇಲೆ ಮಾತು

ಆಸ್ಟ್ರೇಲಿಯಾದ ನಟ್ಟನಡುವೆ ಆಲಿಸ್ ಸ್ಪ್ರಿಂಗ್ಸ್ ಅಂತ ಒಂದು ಪಟ್ಟಣ. ಅಲ್ಲಿಂದ ತನಾಮಿ ರಸ್ತೆ ಹಿಡಿದು ವಾಯವ್ಯಕ್ಕೆ ಸುಮಾರು 300 ಕಿಲೋಮೀಟರ್ ಹೋದರೆ ಯುಎಂಡುಮು ಸಿಗುತ್ತದೆ. ಕೆಂಪು ಮಣ್ಣು, ಕುರುಚಲು ಗಿಡ, ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ವಳ್ಪಿರಿ ಜನರ ಊರು. ಅಲ್ಲಿನ ಕ್ಲಿನಿಕ್‌ನಲ್ಲಿ ನಾನು ನರ್ಸ್ ಆಗಿದ್ದೆ. ಈಗ ಆ ಕಡೆ ಕೆಲಸಕ್ಕೆ ಹೊರಟ ನಮ್ಮ ಹುಡುಗಿಯರು ಫೋನ್ ಮಾಡಿದಾಗ ಮೊದಲು ಕೇಳುವುದು ಒಂದೇ ಪ್ರಶ್ನೆ. "ಅಕ್ಕ, ಅವರ ಭಾಷೆಯಲ್ಲಿ ನಮಸ್ಕಾರಕ್ಕೆ ಏನಂತಾರೆ?"

ಅದನ್ನು ಹೇಳಿಕೊಡುವುದು ಸುಲಭ. ಒಬ್ಬರಿದ್ದರೆ "ಙುರ್ಜು ಮಯಿನ್ಪ?" ಅಂತ ಕೇಳಬೇಕು, ಚೆನ್ನಾಗಿದ್ದೀಯಾ ಅಂತ. ಇಬ್ಬರಿದ್ದರೆ ಕೊನೆ ಬದಲಾಗಿ "ಮಯಿನ್ಪಲ" ಆಗುತ್ತದೆ. ಮೂವರು ಅಥವಾ ಜಾಸ್ತಿ ಜನ ಇದ್ದರೆ "ಮಯಿನ್ಕಿಲಿ". ಉತ್ತರ "ಯುವಯಿ, ಙುರ್ಜು". ಹೂಂ, ಚೆನ್ನಾಗಿದ್ದೀನಿ. ವಯಸ್ಸಾದವರಿಗೆ ಬಹುವಚನ ಹಚ್ಚಬೇಕು ಅಂತ ನಮ್ಮ ನಾಲಗೆ ತುಡಿಯುತ್ತದೆ. ಆದರೆ ಅಜ್ಜಿ ಒಬ್ಬರೇ ಇದ್ದರೆ ಒಬ್ಬರಿಗೆ ಹೇಳುವ ರೂಪವನ್ನೇ ನನಗೆ ಕಲಿಸಿಕೊಟ್ಟರು.

ಉಚ್ಚಾರಣೆಯಲ್ಲಿ ನಮಗೊಂದು ಅನುಕೂಲ ಇದೆ. ನಾನು ಜೇಬಿನ ಪುಸ್ತಕದಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆದುಕೊಂಡೆ. ಇಂಗ್ಲಿಷ್ ಸಹೋದ್ಯೋಗಿಗಳು ಎರಡು ಮೂರು ಅಕ್ಷರ ಸೇರಿಸಿ ಒದ್ದಾಡುವ ಸದ್ದುಗಳಿಗೆ ನಮ್ಮಲ್ಲಿ ಒಂದೊಂದೇ ಅಕ್ಷರ ಇದೆ. ಳ ಇದೆ, ಣ ಇದೆ. ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಆಮೇಲೆ ಯಾವತ್ತೂ ಬಳಸದ ಙ, ಞ ಕೂಡ ಅಲ್ಲಿ ಕೆಲಸಕ್ಕೆ ಬಂದವು!

ಆದರೆ ಊರಿನವರು ಒಬ್ಬರಿಗೊಬ್ಬರು ಎದುರಾದಾಗ ಈ "ಙುರ್ಜು" ಅಷ್ಟಾಗಿ ಕೇಳಿಸುವುದಿಲ್ಲ. ಕಾರಿನಿಂದಲೇ ಬೆರಳು ಅಗಲಿಸಿ ಕೈ ತಿರುವುತ್ತಾರೆ. ಏನು ಸಮಾಚಾರ, ಎಲ್ಲಿಗೆ ಅಂತ ಅದರ ಭಾವ. ಇಲ್ಲವೇ ವರಸೆ ಹಿಡಿದು ಕರೆಯುತ್ತಾರೆ. ನಾನು ನಿಜವಾಗಿ ಕಲಿಯಬೇಕಾಗಿದ್ದದ್ದು ಈ ವರಸೆಯನ್ನು.

ವಳ್ಪಿರಿಯಲ್ಲಿ ಎಂಟು ಗುಂಪುಗಳಿವೆ. ಇಂಗ್ಲಿಷ್‌ನಲ್ಲಿ ಇದನ್ನು ಸ್ಕಿನ್ ಅಂತಾರೆ, ಚರ್ಮಕ್ಕೂ ಇದಕ್ಕೂ ಸಂಬಂಧ ಇಲ್ಲ. ಗುಂಪಿಗೆ ಎರಡು ಹೆಸರು. ಗಂಡಸರದ್ದು ಜ ಅಕ್ಷರದಿಂದ, ಹೆಂಗಸರದ್ದು ನ ಅಕ್ಷರದಿಂದ ಶುರು. ಜಪಲ್ಜಾರಿಯ ಅಕ್ಕತಂಗಿ ನಪಲ್ಜಾರಿ, ಜಙಲನ ಅಕ್ಕತಂಗಿ ನಙಲ. ಹುಟ್ಟಿದಾಗಲೇ ಅಪ್ಪ ಅಮ್ಮನ ಗುಂಪು ನೋಡಿ ಮಗುವಿನ ಗುಂಪು ಗೊತ್ತಾಗುತ್ತದೆ. ಹೊರಗಿನವರಾದ ನಮಗೆ ಯಾರಾದರೂ ಕೊಡಬೇಕು. ಕೇಳಿ ಪಡೆಯುವ ವಸ್ತು ಅದಲ್ಲ. ನಮ್ಮ ಕ್ಲಿನಿಕ್‌ನ ಆರೋಗ್ಯ ಕಾರ್ಯಕರ್ತೆ, ಊರಿನ ಹೆಂಗಸು, ಮೊದಲು ನನ್ನ ಊರು ಯಾವುದು, ಅಲ್ಲಿ ಯಾರಿದ್ದಾರೆ, ಅಮ್ಮ ಯಾವ ಕಡೆಯವರು ಅಂತ ಎಲ್ಲ ವಿಚಾರಿಸಿದಳು. ಅರಸೀಕೆರೆ ಅಂತ ಹೇಳಿದೆ, ಅಲ್ಲಿ ಮಳೆ ಬರುತ್ತಾ ಅಂತ ಕೇಳಿದಳು. ಆಮೇಲೆ ಒಂದು ದಿನ ವರಾಂಡದಲ್ಲಿ ಚಹಾ ಕುಡಿಯುತ್ತಾ, "ನೀನು ನನ್ನ ತಂಗಿ, ನಪಲ್ಜಾರಿ" ಅಂದಳು. ಸುತ್ತ ಕೂತಿದ್ದವರಿಗೆ ತಕ್ಷಣ ನಾನು ಯಾರಿಗೆ ಏನಾಗಬೇಕು ಅಂತ ಗೊತ್ತಾಗಿಹೋಯಿತು. ನನ್ನೊಬ್ಬಳಿಗೇ ಗೊತ್ತಿರಲಿಲ್ಲ.

ಅವತ್ತು ರಾತ್ರಿ ಕೂತು ಪಟ್ಟಿ ಮಾಡಿದೆ. ನಪಲ್ಜಾರಿ ಎಲ್ಲರೂ ಅಕ್ಕತಂಗಿಯರು. ನಙಲ ಎಲ್ಲರೂ ಅಮ್ಮಂದಿರು. ಜುಙರಾಯಿ ಅಪ್ಪ, ನುಙರಾಯಿ ಸೋದರತ್ತೆ, ಜಙಲ ಸೋದರಮಾವ. ನಪುರುಳ ಮಗಳು. ಜಕಮರ ಗಂಡನ ಸಾಲಿನವನು. ನಪಙಡಿ ಅಂದರೆ ಅಮ್ಮನ ಅಮ್ಮ, ಮಗಳ ಮಗಳೂ ಅದೇ. ಒಂದೇ ಬೆಳಗ್ಗೆ ಒಬ್ಬ ಅಜ್ಜಿಗೂ ತೂಕ ನೋಡಲು ತಂದ ಒಂದು ಹಸುಗೂಸಿಗೂ ನಪಙಡಿ ಅಂತಲೇ ಕರೆದದ್ದುಂಟು.

ಇದು ನಮಗೆ ಕಷ್ಟ ಆಗಬಾರದು. ಸಿಡ್ನಿಯಿಂದ ಬಂದ ನರ್ಸುಗಳು "ಒಬ್ಬಳಿಗೆ ಇಷ್ಟೊಂದು ಅಮ್ಮಂದಿರು ಹೇಗೆ?" ಅಂತ ತಲೆ ಕೆರೆದುಕೊಳ್ಳುತ್ತಿದ್ದರು. ದೊಡ್ಡಮ್ಮ, ಚಿಕ್ಕಮ್ಮ, ದೊಡ್ಡಪ್ಪ, ಚಿಕ್ಕಪ್ಪ ಅಂತ ಬೆಳೆದ ನಮಗೆ ಅದೇನು ಹೊಸದಲ್ಲ. ಅಮ್ಮನ ಅಕ್ಕತಂಗಿ ಅಮ್ಮ, ಅಪ್ಪನ ಅಣ್ಣತಮ್ಮ ಅಪ್ಪ. ಅತ್ತೆ, ಮಾವ ಬೇರೆ. ಅಷ್ಟಕ್ಕೆ ಎರಡೂ ಕಡೆ ಲೆಕ್ಕ ಒಂದೇ. ಮುಂದೆ ಹಾದಿ ಬೇರೆ ಆಗುತ್ತದೆ. ನಮ್ಮಲ್ಲಿ ಸೋದರತ್ತೆ ಮಗ ಮದುವೆಗೆ ವರಸೆ. ಅಲ್ಲಿ ಸರಿಯಾದ ವರಸೆ ಇನ್ನೊಂದು ತಲೆಮಾರು ದೂರದಲ್ಲಿರುತ್ತದೆ. ಮನೆಯವರ ಕಾಯಿಲೆ ವಿಚಾರಿಸುವಾಗ ಮಾತ್ರ ನಾನು ಬಿಡಿಸಿ ಕೇಳುತ್ತಿದ್ದೆ, "ಹೆತ್ತ ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತಾ?" ಅಂತ.

ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾಗಿ ಬರುತ್ತಿದ್ದ ಒಬ್ಬ ಹಿರಿಯ ನಙಲ ಇದ್ದರು. ಅವರು ಕುರ್ಚಿ ಮುಟ್ಟುತ್ತಿರಲಿಲ್ಲ, ವರಾಂಡದ ನೆಲದ ಮೇಲೇ ಕೂರುತ್ತಿದ್ದರು. ನಾನೂ ಡ್ರೆಸ್ಸಿಂಗ್ ಸಾಮಾನು ತಗೊಂಡು ಪಕ್ಕದಲ್ಲಿ ಕೂರುತ್ತಿದ್ದೆ. ಎದುರಿಗೆ ಅಲ್ಲ, ಪಕ್ಕಕ್ಕೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಅಲ್ಲಿ ಮರ್ಯಾದೆ ಅಲ್ಲ. ಇಬ್ಬರೂ ರಸ್ತೆ ಕಡೆ ನೋಡುತ್ತಾ ಕೂತಿರುತ್ತಿದ್ದೆವು. ನಾಯಿ ಹೋಗುತ್ತಿತ್ತು, ಕಾರು ಹೋಗುತ್ತಿತ್ತು. ನಾನು "ಙತಿ" ಅಂತ, ಅಮ್ಮ ಅಂತ ಕರೆದು ಸುಮ್ನೆ ಇರುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಕಾಲು ಚಾಚುತ್ತಿದ್ದರು. ಮಾತ್ರೆ ತಗೊಂಡ್ರಾ ಅಂತ ನೇರ ಕೇಳಿದರೆ "ಯುವಯಿ" ಅಂತಲೇ ಉತ್ತರ, ತಗೊಂಡಿರಲಿ ಬಿಡಲಿ. ಅದರ ಬದಲು "ಈ ಮಾತ್ರೆ ಕೆಲವರಿಗೆ ಹೊಟ್ಟೆ ಕೆಡಿಸುತ್ತೆ" ಅಂತ ನಾನು ಹೇಳಿ ಬಿಡುತ್ತಿದ್ದೆ. ಬ್ಯಾಂಡೇಜ್ ಅರ್ಧ ಸುತ್ತುವ ಹೊತ್ತಿಗೆ ನಿಜ ಹೊರಗೆ ಬರುತ್ತಿತ್ತು.

ಮರ್ಯಾದೆಯ ಇನ್ನೊಂದು ಮುಖ ಮಾತಾಡದೇ ಇರುವುದು. ಅತ್ತೆ ಮತ್ತು ಅಳಿಯ ಒಬ್ಬರನ್ನೊಬ್ಬರು ನೋಡುವುದಿಲ್ಲ, ಒಂದೇ ಕೋಣೆಯಲ್ಲಿ ಕೂರುವುದಿಲ್ಲ. ನನ್ನ ಮಗಳ ಸಾಲು ನಪುರುಳ. ಅವಳಿಗೆ ಸರಿಯಾದ ವರಸೆಯ ಗಂಡು ಜಪನಂಕ. ಅಂದರೆ ಊರಿನ ಜಪನಂಕರೆಲ್ಲ ನನಗೆ ಅಳಿಯಂದಿರ ಸಾಲು. ನರ್ಸ್ ಅಂತ ನನಗೆ ರಿಯಾಯಿತಿ ಇತ್ತು, ತುರ್ತು ಇದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೂ ಜ್ವರ, ಕೆಮ್ಮು ಅಂತ ಬಂದವರನ್ನು ನಾನು ಇನ್ನೊಬ್ಬ ನರ್ಸ್ ಕಡೆ ಕಳಿಸುತ್ತಿದ್ದೆ. ಬಾಗಿಲಿನಿಂದ ಹೋಗುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಹಿಂದಿನ ಕಾಲದಲ್ಲಿ ನಮ್ಮ ಅಜ್ಜಿ ಅಳಿಯ ಬಂದಾಗ ಬಾಗಿಲ ಸಂದಿಯಿಂದ ಮಾತಾಡಿದ ಹಾಗೆ. ಹೆಂಗಸರು ಇದನ್ನು ನೋಡಿ ನಗುತ್ತಿದ್ದರು, ಖುಷಿಯೂ ಪಡುತ್ತಿದ್ದರು.

ಸಾವು ಆದಾಗ ಹುಷಾರಾಗಿರಬೇಕು. ಸತ್ತವರ ಹೆಸರನ್ನು ಯಾರೂ ಹೇಳುವುದಿಲ್ಲ. ಅದೇ ಹೆಸರಿನ ಬೇರೆಯವರನ್ನೂ ಆಮೇಲೆ "ಕುಮಂಜಯಿ" ಅಂತ ಕರೆಯುತ್ತಾರೆ. ಹೆಸರು ಮುಚ್ಚಿರುವುದು ವರ್ಷಗಟ್ಟಲೆ ಇರಬಹುದು. ಆದರೆ ಕ್ಲಿನಿಕ್‌ನ ಕಂಪ್ಯೂಟರ್‌ಗೆ ಇದು ಗೊತ್ತಿಲ್ಲವಲ್ಲ! ಅದಕ್ಕೇ ಬೆಳಗ್ಗೆ ಪಟ್ಟಿ ತೆಗೆದ ಕೂಡಲೇ ನನ್ನನ್ನು ತಂಗಿ ಅಂದ ಆ ಕಾರ್ಯಕರ್ತೆ ಅಕ್ಕನಿಗೆ ತೋರಿಸುತ್ತಿದ್ದೆ. ಯಾವ ಹೆಸರು ಈಗ ಬಾಯಲ್ಲಿ ಬರಬಾರದು ಅಂತ ಅವಳು ಬೆರಳಿಟ್ಟು ತೋರಿಸುತ್ತಿದ್ದಳು. ಕಾಯುವ ಜಾಗದಲ್ಲಿ ನಿಂತು ಹೆಸರು ಕೂಗುವುದನ್ನೇ ಬಿಟ್ಟೆ. ಹತ್ತಿರ ಹೋಗಿ ಗುಂಪಿನ ಹೆಸರಿನಲ್ಲಿ ಕರೆದು, ಒಳಗೆ ಬಂದ ಮೇಲೆ ಹುಟ್ಟಿದ ದಿನಾಂಕ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದೆ.

ಗಂಡ ಸತ್ತ ಹೆಂಗಸರು ತಿಂಗಳುಗಟ್ಟಲೆ, ಕೆಲವರು ಅದಕ್ಕಿಂತ ಜಾಸ್ತಿ ಕಾಲ ಮಾತಾಡುವುದಿಲ್ಲ. ಕೈಸನ್ನೆಯಲ್ಲೇ ಎಲ್ಲ ನಡೆಯುತ್ತದೆ. ಅದು ಎರಡು ಮೂರು ಸನ್ನೆಯ ಆಟ ಅಲ್ಲ. ಸಾವಿರಕ್ಕೂ ಜಾಸ್ತಿ ಸನ್ನೆಗಳಿರುವ ಪೂರ್ತಿ ಭಾಷೆ. ಅಂಥವರು ಬಂದಾಗ "ಬಾಯಿ ಬಿಟ್ಟು ಹೇಳಿ" ಅಂತ ಒತ್ತಾಯ ಮಾಡಬೇಡಿ. ಜೊತೆಗೆ ಬಂದವರು ಹೇಳುತ್ತಾರೆ.

ಇದೆಲ್ಲ ವಳ್ಪಿರಿ ಊರುಗಳ ಮಾತು. 1788ರಲ್ಲಿ ಬ್ರಿಟಿಷರು ಬಂದು ನೆಲೆಸುವುದಕ್ಕೆ ಮುಂಚೆ ಆ ಖಂಡದಲ್ಲಿ 250ಕ್ಕೂ ಜಾಸ್ತಿ ಭಾಷೆ ಇದ್ದವು, ಮರುಭೂಮಿಯಲ್ಲಿ ಇವತ್ತಿಗೂ ಹಲವು ಜೀವಂತ ಇವೆ. ಆಲಿಸ್ ಸ್ಪ್ರಿಂಗ್ಸ್ ಆರೆರ್ಂಟ ಜನರ ನೆಲ, ಅಲ್ಲಿ ನಮಸ್ಕಾರಕ್ಕೆ "ವೆರ್ತ" ಅಂತಾರೆ. ದಕ್ಷಿಣದ ಪಿಟ್ಜಂಟ್ಜಟ್ಜಾರ ಜನ "ಪಲ್ಯ" ಅಂತಾರೆ, ನಗಬೇಡಿ, ಚೆನ್ನಾಗಿದೆ ಅಂತ ಅರ್ಥ. ಪಟ್ಟಣದಲ್ಲಿ ಹಿರಿಯರನ್ನು ಇಂಗ್ಲಿಷ್‌ನಲ್ಲೇ ಆಂಟಿ, ಅಂಕಲ್ ಅನ್ನುವುದೂ ಉಂಟು. ಅದು ಬಸ್ಸಿನಲ್ಲಿ ಯಾರನ್ನೋ ಆಂಟಿ ಅಂದ ಹಾಗಲ್ಲ, ದೊಡ್ಡ ಗೌರವ. ಬೇರೆಯವರು ಹಾಗೆ ಕರೆಯುವುದನ್ನು ಕೇಳಿಸಿಕೊಂಡು, ಅವರು ಒಪ್ಪಿದ ಮೇಲೆ ಕರೆಯಿರಿ. ನನ್ನ ನಪಲ್ಜಾರಿ ಹೆಸರನ್ನು ನಾನು ಪಟ್ಟಣದಲ್ಲಿ ಹೇಳಿಕೊಂಡು ತಿರುಗಲಿಲ್ಲ. ವಳ್ಪಿರಿಯವರೇ ಕೇಳಿದರೆ ಮಾತ್ರ ಹೇಳಿದ್ದೇನೆ.

ಆಪರೇಷನ್, ಒಪ್ಪಿಗೆ ಸಹಿ ಅಂತ ಬಂದಾಗ ನಾಲ್ಕು ಮಾತು ಕಲಿತ ಧೈರ್ಯದಲ್ಲಿ ಮುಂದೆ ಹೋಗಬೇಡಿ. ಈ ಊರುಗಳಿರುವ ನಾರ್ದರ್ನ್ ಟೆರಿಟರಿ ಪ್ರಾಂತ್ಯದಲ್ಲಿ ಸರ್ಕಾರದ್ದೇ ದುಭಾಷಿ ಸೇವೆ ಇದೆ, ಬುಕ್ ಮಾಡಿ. ಮಾಡುವಾಗ ರೋಗಿಯ ಗುಂಪಿನ ಹೆಸರನ್ನೂ ತಿಳಿಸಿ. ಇಲ್ಲದಿದ್ದರೆ ರೋಗಿಯ ಮುಂದೆ ಮಾತಾಡಲೇಬಾರದ ವರಸೆಯವರೇ ದುಭಾಷಿಯಾಗಿ ಬಂದು ಕೂತುಬಿಡಬಹುದು.