ಮೂರು ಡಿಸ್ಕಿಗೂ ಕೆಲಸ ಹಂಚಿದ್ದು: ಎಲ್‌ವಿಎಂ ಸ್ಟ್ರೈಪಿಂಗ್, ನನ್ನ ಅನುಭವ

ನಮ್ಮ ಲಾಗ್ ಸರ್ವರಿನಲ್ಲಿ ಮೂರು ಡಿಸ್ಕ್ ಇದ್ದವು, ಮೂರೂ ಎಲ್‌ವಿಎಂನ (ಲಿನಕ್ಸಿನಲ್ಲಿ ಹಲವು ಡಿಸ್ಕ್ ಒಟ್ಟುಗೂಡಿಸಿ ಜಾಗ ಹಂಚುವ ವ್ಯವಸ್ಥೆ) ಒಂದೇ ವಾಲ್ಯೂಮ್ ಗ್ರೂಪಿನಲ್ಲಿ. ಆದರೂ ಲೋಡ್ ಬಿದ್ದಾಗ ಐಓಸ್ಟ್ಯಾಟ್ (ಯಾವ ಡಿಸ್ಕ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಕಮಾಂಡ್) ಹಾಕಿ ನೋಡಿದರೆ ಮೊದಲನೇ ಡಿಸ್ಕ್ ಏದುಸಿರು ಬಿಡುತ್ತಿರುತ್ತಿತ್ತು, ಉಳಿದೆರಡು ಸುಮ್ನೆ ಕೂತಿರುತ್ತಿದ್ದವು. ಬಿಡಿಸಿ ಹೇಳದಿದ್ದರೆ ಎಲ್‌ವಿಎಂ ಲೀನಿಯರ್ ವಾಲ್ಯೂಮ್ ಮಾಡುತ್ತದೆ. ಒಂದು ಡಿಸ್ಕಿನ ಜಾಗ ಮುಗಿದ ಮೇಲಷ್ಟೇ ಇನ್ನೊಂದಕ್ಕೆ ಕೈಹಾಕುತ್ತದೆ. ನಮಗೆ ಬೇಕಿದ್ದದ್ದು ಸ್ಟ್ರೈಪಿಂಗ್, ಅಂದರೆ ಡೇಟಾವನ್ನು ಸಣ್ಣ ತುಂಡು ಮಾಡಿ ಎಲ್ಲ ಡಿಸ್ಕಿಗೂ ಸರದಿಯಂತೆ ಬರೆಯುವುದು.

ಹಳೆಯದನ್ನು ಕೆದಕುವ ಗೋಜು ಬೇಡ ಅಂತ ಒಂದೇ ಸೈಜಿನ ಮೂರು ಹೊಸ ಎಸ್‌ಎಸ್‌ಡಿ ತರಿಸಿದೆ. ಸೈಜ್ ಬೇರೆ ಬೇರೆಯಾದರೆ ಚಿಕ್ಕ ಡಿಸ್ಕ್ ತುಂಬಿದ ಕೂಡಲೇ ಮೂರರ ಸ್ಟ್ರೈಪೂ ಅಲ್ಲಿಗೇ ನಿಲ್ಲುತ್ತದೆ, ದೊಡ್ಡದರಲ್ಲಿ ಮಿಕ್ಕ ಜಾಗ ವ್ಯರ್ಥ.

ಡಿಸ್ಕನ್ನು ಎಲ್‌ವಿಎಂಗೆ ಒಪ್ಪಿಸುವ ಪಿವಿಕ್ರಿಯೇಟ್, ಗ್ರೂಪ್ ಕಟ್ಟುವ ವಿಜಿಕ್ರಿಯೇಟ್ ಎಂದಿನಂತೆಯೇ. ವಿಷಯ ಇರುವುದು ವಾಲ್ಯೂಮ್ ಮಾಡುವ ಎಲ್‌ವಿಕ್ರಿಯೇಟ್ ಕಮಾಂಡಿನ ಎರಡು 'ಐ' ಆಯ್ಕೆಗಳಲ್ಲಿ (-i, -I). ಸಣ್ಣ ಐ ಎಂದರೆ ಎಷ್ಟು ಡಿಸ್ಕಿಗೆ ಹಂಚಬೇಕು ಅಂತ, ದೊಡ್ಡ ಐ ಎಂದರೆ ಒಂದೊಂದು ತುಂಡು ಎಷ್ಟು ಕೆಬಿ ಅಂತ. ಸಣ್ಣದಕ್ಕೆ 3 ಕೊಟ್ಟೆ. ದೊಡ್ಡದನ್ನು ಮುಟ್ಟಲಿಲ್ಲ, ಡೀಫಾಲ್ಟ್ 64 ಕೆಬಿಯೇ ಸಾಕಿತ್ತು. 100 ಜಿಬಿ ಕೇಳಿದರೆ ಅದು ಸ್ವಲ್ಪ ಜಾಸ್ತಿಯೇ ಕೊಟ್ಟಿತು. ಎಕ್ಸ್‌ಟೆಂಟ್ (ಎಲ್‌ವಿಎಂ ಜಾಗ ಅಳೆದು ಕೊಡುವ ತುಂಡು) 4 ಎಂಬಿಯದು, ಹಾಗಾಗಿ 100 ಜಿಬಿಗೆ 25600 ಎಕ್ಸ್‌ಟೆಂಟ್. ಅದು ಮೂರರಿಂದ ಭಾಗವಾಗುವುದಿಲ್ಲ ಅಲ್ವಾ? ಅದಕ್ಕೇ 25602ಕ್ಕೆ ಏರಿಸಿಕೊಂಡಿತು. ಆ ಮೆಸೇಜ್ ನೋಡಿ ಗಾಬರಿಯಾಗಬೇಕಿಲ್ಲ.

ಮೇಲೆ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಹಾಕಿದೆ. ಸ್ಟ್ರೈಪ್ ಲೆಕ್ಕವನ್ನು ಅದೇ ಓದಿಕೊಳ್ಳುತ್ತದೆ. 4 ಕೆಬಿ ಬ್ಲಾಕಿನಲ್ಲಿ ಸ್ಟ್ರೈಪ್ ಯುನಿಟ್ 16, ಅಗಲ 48 ಎಂದು ತೋರಿಸಿತು. 16 ಬ್ಲಾಕ್ ಅಂದರೆ 64 ಕೆಬಿ, 16ರ ಮೂರು ಪಟ್ಟು 48. ಈ ಎರಡು ಅಂಕಿ ತಾಳೆಯಾದ ಮೇಲೇ ನಾನು ಡೇಟಾ ಕಾಪಿಗೆ ಹಾಕಿದ್ದು. ಆಮೇಲೆ ಐಓಸ್ಟ್ಯಾಟಿನಲ್ಲಿ ಮೂರೂ ಡಿಸ್ಕ್ ಹೆಚ್ಚುಕಡಿಮೆ ಸಮಸಮ ಓಡುತ್ತಿದ್ದವು.

ಇದರಲ್ಲಿ ಒಂದು ಡಿಸ್ಕ್ ಹೋದರೆ ಇಡೀ ವಾಲ್ಯೂಮ್ ಹೋಯಿತು. ನಮ್ಮ ಲಾಗುಗಳಿಗೆ ಬೇರೆ ಕಡೆ ಇನ್ನೊಂದು ಪ್ರತಿ ಇರುತ್ತದೆ, ಅದಕ್ಕೇ ಒಪ್ಪಿದೆ. ಇರುವುದೊಂದೇ ಪ್ರತಿಯಾಗಿದ್ದರೆ ರೇಡ್ 10 (ಪ್ರತಿ ತುಂಡನ್ನೂ ಎರಡು ಡಿಸ್ಕಿನಲ್ಲಿ ಇಡುವ ವಿಧಾನ) ಬಿಟ್ಟು ಬೇರೆ ಯೋಚನೆಯನ್ನೇ ಮಾಡುತ್ತಿರಲಿಲ್ಲ.

ಖರ್ಚಿನ ಮಾತನ್ನು ಮೊದಲೇ ಮ್ಯಾನೇಜರ್ ಕಿವಿಗೆ ಹಾಕಿದ್ದೆ. ಡಿಸ್ಕ್ ತುಂಬಿದ ಮೇಲೆ ಒಂದೇ ಒಂದು ಹೊಸದು ಸೇರಿಸಿ ವಾಲ್ಯೂಮ್ ಹಿಗ್ಗಿಸುವ ಎಲ್‌ವಿಎಕ್ಸ್‌ಟೆಂಡ್ ಕೊಟ್ಟರೆ ಎಕ್ಸ್‌ಟೆಂಟ್ ಸಾಲದು ಎಂದು ಮುಖಕ್ಕೇ ಹೇಳುತ್ತದೆ. ಮೂರು ಕಡೆ ಖಾಲಿ ಜಾಗ ಬೇಕು. ಸಣ್ಣ ಐಗೆ 1 ಕೊಟ್ಟು ಬಾಲದಂತೆ ಲೀನಿಯರ್ ತುಂಡು ಸೇರಿಸಬಹುದು ನಿಜ. ಆದರೆ ಅಲ್ಲಿಂದ ಮುಂದಕ್ಕೆ ಮತ್ತೆ ಒಂದೇ ಡಿಸ್ಕಿನ ವೇಗ. ಹಾಗಾಗಿ ನಮ್ಮಲ್ಲಿ ಡಿಸ್ಕ್ ಆರ್ಡರ್ ಹೋಗುವುದು ಮೂರು ಮೂರಾಗಿಯೇ.